ಕಿತ್ತಳೆಯ ದೊಡ್ಡ ಪಾಲು

ಮಣಿನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಕನ್ನಡ ಅಂದರೆ ನಮ್ಮ ಮನೆಯ ನಾಲ್ಕು ಬಾಯಿ, ಅಷ್ಟೇ ಇದ್ದ ಕಾಲ ಅದು. ಇಲಾಖೆ ಅಪ್ಪನನ್ನು ಗದಗಿನಿಂದ ಎತ್ತಿ ಅಲ್ಲಿ ಇಳಿಸಿತ್ತು. ಅಪ್ಪ ಗಾರ್ಡು, ಮನೆಗಿಂತ ಗೂಡ್ಸ್ ಗಾಡಿಯ ಬಾಲದಲ್ಲಿದ್ದುದೇ ಹೆಚ್ಚು. ಅವ್ವನಿಗೆ ಗುಜರಾತಿ ಬರುತ್ತಿರಲಿಲ್ಲ. ಹಿಂದಿಯಲ್ಲಿ 'ನಹೀ' ಒಂದು ಬರುತ್ತಿತ್ತು. ಹೀಗಾಗಿ ಒಂಬತ್ತನೇ ವಯಸ್ಸಿಗೇ ಮನೆಯ ವಿದೇಶಾಂಗ ಖಾತೆ ನನ್ನ ಹೆಗಲಿಗೆ ಬಿದ್ದಿತ್ತು. ತರಕಾರಿಯವನ ಚೌಕಾಸಿ, ಪಕ್ಕದ ಮನೆಯ ಜಗಳ, ಎಲ್ಲ ನನ್ನ ಮೂಲಕವೇ ಹೋಗಿ ಬರಬೇಕು. ಹದಿನಾಲ್ಕರ ಗಿರಿಜಕ್ಕ ಈ ಹುದ್ದೆಗೆ ನನಗಿಂತ ಅರ್ಹಳು; ಆದರೆ ಅವಳು ಸಂಜೆ ಮನೆಯಲ್ಲಿ ಸಿಗುತ್ತಿರಲಿಲ್ಲ.

ಅವಳು ಯಾರ್ಡಿನ ಹಿಂದಿನ ಮೈದಾನದಲ್ಲಿರುತ್ತಿದ್ದಳು. ಅಲ್ಲಿ ಹಂಸಾಬೆನ್ ಎಂಬ ಗಿಡ್ಡ ಹೆಂಗಸು, ಸಲ್ವಾರಿನ ಕಾಲು ಮಡಿಚಿಕೊಂಡು, ಕ್ವಾರ್ಟರ್ಸಿನ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಎರಡು ಇಟ್ಟಿಗೆಯ ನಡುವೆ ಗೋಲು, ಅದರ ಕಾವಲಿಗೆ ಅಕ್ಕ. ಇಂಜಿನ್ ಎಣ್ಣೆಯ ವಾಸನೆಯ ಆ ಮಣ್ಣಿಗೆ ಅವಳು ಚೆಂಡಿನ ಹಿಂದೆ ಬೀಳುವುದನ್ನು ನೋಡಿದರೆ, ಪೆಟ್ಟಾಗುವುದು ನೆಲಕ್ಕೇ ಅನಿಸುತ್ತಿತ್ತು. ಆಟ ಮುಗಿದ ಮೇಲೆ ಹಂಸಾಬೆನ್ ತಲೆಗೊಂದು ಕಿತ್ತಳೆ ಹಂಚುತ್ತಿದ್ದರು. ಅಕ್ಕ ತನ್ನದನ್ನು ಅಲ್ಲಿ ತಿನ್ನುತ್ತಿರಲಿಲ್ಲ. ಮನೆಗೆ ತಂದು, ಹೆಬ್ಬೆರಳಿನಿಂದ ಒಡೆದು, ದೊಡ್ಡ ಪಾಲು ನನಗೆ ಕೊಡುತ್ತಿದ್ದಳು. ಇದು ಸಂವಿಧಾನದಲ್ಲೇ ಬರೆದದ್ದೆಂದು ನಾನು ನಂಬಿದ್ದೆ.

ಆ ಚಳಿಗಾಲದ ಒಂದು ಸಂಜೆ ಹಂಸಾಬೆನ್ ಮನೆಗೇ ಬಂದರು. ಅವ್ವ ಅಕ್ಕನನ್ನು ಚಹಾದ ಹಾಲು ತರಲು ಅಟ್ಟಿದಳು. ನಾನು ಇಬ್ಬರ ನಡುವೆ ಸ್ಟೂಲು ಹಾಕಿಕೊಂಡು ಅಧಿಕಾರ ವಹಿಸಿಕೊಂಡೆ.

"ಬೇಟಾ, ಅಮ್ಮನಿಗೆ ಹೇಳು," ಅಂದರು ಹಂಸಾಬೆನ್ ಗುಜರಾತಿಯಲ್ಲಿ. "ಗಿರಿಜಾಳನ್ನು ಸೂರತ್ತಿನ ಕ್ಯಾಂಪಿಗೆ ಕಳಿಸಲಿ. ಒಂದು ತಿಂಗಳು. ನಾನೇ ಜೊತೆಗಿರುತ್ತೇನೆ, ಅವಳ ಪಕ್ಕದಲ್ಲೇ ಮಲಗುತ್ತೇನೆ. ಆಯ್ಕೆಯಾದರೆ ಮುಂದೆ ವಡೋದರಾದ ಹಾಸ್ಟೆಲ್ಲು, ಶಾಲೆಯೂ ಅಲ್ಲೇ."

ಹಾಸ್ಟೆಲ್ಲು ಅಂದರೆ ಅಕ್ಕ ರಾತ್ರಿಯೂ ಮನೆಯಲ್ಲಿರುವುದಿಲ್ಲ. ಅಕ್ಕನ ಜಡೆ ಹಿಡಿದುಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ.

"ಏನಂತಾರ? ಲಗೂನ ಹೇಳು," ಅಂದಳು ಅವ್ವ.

"ಅಕ್ಕನ್ನ ಸೂರತ್ತಿಗೆ ಕಳಸ್ರಿ ಅಂತಾರ. ಒಂದು ತಿಂಗಳು."

"ಜೋಡಿ ಯಾರಿರ್ತಾರಂತ?"

"ಯಾರೂ ಇರಂಗಿಲ್ಲಂತ."

"ಯಾರೂ?"

"ಊಹೂಂ."

ಅವ್ವ ತನಗೆ ಬರುತ್ತಿದ್ದ ಏಕೈಕ ಹಿಂದಿ ಪದವನ್ನು ಪ್ರಯೋಗಿಸಿದಳು. ಹಂಸಾಬೆನ್ ಎದೆಯ ಮೇಲೆ ಕೈಯಿಟ್ಟು, ನಿಧಾನವಾಗಿ, ಮತ್ತೊಮ್ಮೆ ಅದನ್ನೇ ಹೇಳಿದರು. ನಾನೂ ಮತ್ತೊಮ್ಮೆ ನನ್ನದನ್ನೇ ಹೇಳಿದೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ಅವ್ವ ಕುಂಕುಮ ಹಚ್ಚಿ, ದುಪಟ್ಟಾದ ಉಡಿಯಲ್ಲಿ ತೆಂಗಿನಕಾಯಿ ಹಾಕಿದಳು. ಹಂಸಾಬೆನ್ ಕಾಯಿ ನೋಡಿದರು, ನನ್ನನ್ನು ನೋಡಿದರು. "ಅಂದರೆ ಒಪ್ಪಿದರಾ?"

"ಇಲ್ಲ," ಅಂದೆ. ಆ ಸಂಜೆ ನಾನು ಮಾಡಿದ ಪ್ರಾಮಾಣಿಕ ಅನುವಾದ ಅದೊಂದೇ.

ಹಾಲು ತಂದ ಅಕ್ಕನಿಗೆ ಅವ್ವ ಹೇಳಿದ್ದು "ಒಬ್ಬಾಕಿನ್ನ ಕಳಸಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ" ಅಂತಷ್ಟೇ. ಅಕ್ಕ ಮತ್ತೆ ಮೈದಾನದ ಕಡೆ ಹೋಗಲಿಲ್ಲ. ಹಂಸಾಬೆನ್ ಉಳಿದ ಹುಡುಗಿಯರೊಂದಿಗೆ ಸೂರತ್ತಿಗೆ ಹೋದರು. ಅಲ್ಲಿಂದ ಮೇಲೇರುತ್ತ ಏರುತ್ತ ದೇಶದ ಹೆಂಗಸರ ತಂಡದ ಕೋಚ್ ಆದರು. ಟಿವಿಯಲ್ಲಿ ಅವರು ಗೆರೆಯಾಚೆ ನಿಂತು ಕೂಗುವಾಗ ಅಕ್ಕ ಗೋಲ್‌ಕೀಪರಳನ್ನು ಮಾತ್ರ ನೋಡುತ್ತಿದ್ದಳು. ಅವ್ವನ ಜೊತೆ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು, ಕೊನೆಯವರೆಗೂ. ಮಗಳ ಮುನಿಸು ಯಾಕೆಂದು ತಿಳಿಯದೆಯೇ ಅವ್ವ ತೀರಿಕೊಂಡಳು. ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಹಂಸಾಬೆನ್ ನಿವೃತ್ತರಾದಾಗ ವಡೋದರಾದ ಅಲ್ಕಾಪುರಿಯ ಒಂದು ಹಾಲ್‌ನಲ್ಲಿ ಸನ್ಮಾನ. ಅಕ್ಕ ನನ್ನನ್ನೂ ಎಳೆದೊಯ್ದಳು. ಅವರು ಅಕ್ಕನನ್ನು ಮುಖದಿಂದ ಗುರುತು ಹಿಡಿಯಲಿಲ್ಲ. ಅಂಗೈ ಒತ್ತಿ ನೋಡಿ ಹಿಡಿದರು.

"ಪಕ್ಕದಲ್ಲೇ ಮಲಗುತ್ತೇನೆ ಅಂತ ನಿಮ್ಮಮ್ಮನಿಗೆ ಎರಡೆರಡು ಸಲ ಹೇಳಿದೆನಲ್ಲ, ಬೇಟಾ. ಇನ್ನೇನು ಹೇಳಬೇಕಿತ್ತು?"

ಈ ಸಲ ದುಭಾಷಿಯ ಅಗತ್ಯ ಬೀಳಲಿಲ್ಲ. ಅಕ್ಕ ನನ್ನ ಕಡೆ ತಿರುಗಿದಳು.

"ಅವ್ವ..." ಅಂದಳು.

ಮಣಿನಗರಕ್ಕೆ ವಾಪಸಾಗುವ ರೈಲಿನಲ್ಲಿ ಅವಳು ಚೀಲದಿಂದ ಒಂದು ಕಿತ್ತಳೆ ತೆಗೆದಳು. ಅದೇ ಹೆಬ್ಬೆರಳು, ಅದೇ ವಾಸನೆ. ಒಡೆದು, ತೊಳೆಗಳನ್ನು ಒಂದೊಂದಾಗಿ ಎಣಿಸಿದಳು. ಹತ್ತು. ಐದು ತಾನಿಟ್ಟುಕೊಂಡು, ಐದು ನನ್ನ ಕೈಗೆ ಕೊಟ್ಟಳು.