ಓತಿಕ್ಯಾತನ ಮೊದಲ ತುತ್ತು

ನನ್ನ ಕೈಗುಣ ಚಲೋ ಇಲ್ಲ ಅಂತ ನಮ್ಮ ಅತ್ತಿ ತೀರ್ಮಾನ ಮಾಡಿಬಿಟ್ಟಿದ್ರು. ಮನ್ಯಾಗ ಅಷ್ಟ ಹೇಳಿದ್ರ ನುಂಗ್ಕೊಂಡಿರ್ತಿದ್ದೆ. ಹಿಟ್ಟಿನ ಗಿರಣ್ಯಾಗ ಹೇಳಿದ್ರು, ಬಾವಿ ಕಟ್ಟಿ ಮ್ಯಾಲ ಹೇಳಿದ್ರು, ಸವಣೂರಿಂದ ವೀಳ್ಯದೆಲಿ ಬುಟ್ಟಿ ಹೊತ್ಕೊಂಡು ಬರೂ ಅಜ್ಜಿ ಮುಂದೂ ಹೇಳಿದ್ರು. ನನಗ ಮೊದಲ ಮೂಗಿನ ತುದೀಗೆ ಸಿಟ್ಟು. ಆ ವರ್ಷ ಎಷ್ಟು ಸಿಟ್ಟು ನುಂಗೇನಿ ಅನ್ನೂದು ನನಗ ಗೊತ್ತು.

ನನ್ನ ತವರು ಹಿರೇಕೆರೂರಿನ ಕಡೆ. ಹತ್ತಿ, ಜೋಳ, ಮೆಣಸಿನಕಾಯಿ ಬಿಟ್ರ ಬ್ಯಾರೆ ಬೆಳಿ ಕಂಡಾಕಿ ಅಲ್ಲ ನಾನು. ಎಂಬತ್ತರ ದಶಕ ಸುರುವಾದ ಹೊಸತರಾಗ ಶಿಗ್ಗಾಂವ ಕಡೆ ಈ ಊರಿಗೆ ಸೊಸಿಯಾಗಿ ಬಂದಾಗ ಇವರ ಮನ್ಯಾಗ ರೇಷ್ಮಿ ಹುಳ ಸಾಕತಿದ್ರು. ಹೊಲದಾಗ ಹಿಪ್ಪುನೇರಳಿ, ಹಿತ್ತಲದಾಗ ಹುಳಕ್ಕಂತ ಬ್ಯಾರೆ ಮನಿ, ಅದರೊಳಗ ಬಿದಿರಿನ ತಟ್ಟಿ ಒಂದರ ಮ್ಯಾಲೊಂದು. ಆ ಮನಿಗೆ ಯಜಮಾನಿ ಅಂದ್ರ ಅತ್ತಿ. ಮಾವ ಸುದ್ದಾ ಅವರನ್ನ ಕೇಳೇ ಒಳಗ ಕಾಲಿಡೂದು.

ಒಂದು ಸಲ ಅತ್ತಿ ಮದುವಿಗಂತ ಹುಲಗೂರಿಗೆ ಹೋದ್ರು. ಆ ದಿನ ಹುಳಕ್ಕ ಎಲಿ ಹಾಕಿದಾಕಿ ನಾನು. ಅವರು ಹೇಳಿದಂಗ, ಹೇಳಿದ ಹೊತ್ತಿಗೆ, ನೀರಿನ ಪಸಿ ಇಲ್ಲದ ಎಲಿ. ಆಮ್ಯಾಲ ಆ ಸಲದ ಹುಳದ ಬೆಳಿಗೆ ರೋಗ ಬಂತು. ಹುಳ ಬಾತು, ಹಳದಿಯಾಗಿ, ಒಡದು ಹೋದವು. ಊರಾಗ ಬ್ಯಾರೆ ಮನಿಗಳಾಗೂ ಹಂಗ ಆಗಿತ್ತು. ಹೇಳಿದ್ರ ಕೇಳೋರ್ಯಾರು? "ಈಕಿ ಕೈ ಹಚ್ಚಿದ್ದ ತಡ, ತಟ್ಟಿ ಖಾಲಿ," ಅಂದ್ರು ಅತ್ತಿ. ಅವತ್ತಿಂದ ಹುಳದ ಮನಿ ಹೊಸ್ತಿಲ ದಾಟೂ ಹಂಗಿಲ್ಲ. ಎಲಿ ಕೊಯ್ಯಾಕ ನಾನು ಬೇಕು, ಹೊರಿ ಹೊರಾಕ ನಾನು ಬೇಕು, ಹುಳದ ಹಿಕ್ಕಿ ತಿಪ್ಪಿಗೆ ಚೆಲ್ಲಾಕ ನಾನು ಬೇಕು. ಹೊರಿ ತಂದು ಹೊಸ್ತಿಲದಾಗ ಇಟ್ಟು ದೂರ ಸರಿದು ನಿಂದ್ರಬೇಕು, ಮುಟ್ಟಬಾರದ್ದು ಮುಟ್ಟಿದಾಕಿ ಹಂಗ. ಅದು ಚುಚ್ಚಿದಷ್ಟು ಬ್ಯಾರೆ ಯಾವ ಮಾತೂ ನನಗ ಚುಚ್ಚಿರಲಿಲ್ಲ.

ಹಿಂಗಿದ್ದಾಗ ಒಂದು ದಿನ ಸೊಪ್ಪಿನ ಹೊರಿ ಬಿಚ್ಚಿದ್ರ, ಒಳಗ ಒಂದು ಓತಿಕ್ಯಾತನ ಮರಿ. ಹಗ್ಗದ ಬಿಗಿಗೆ ಸಿಕ್ಕು ಹಿಂದಿನ ಕಾಲೊಂದು ಊದಿತ್ತು. ನಡುಬೆರಳಷ್ಟು ಮೈ, ಅದಕ್ಕಿಂತ ಉದ್ದ ಬಾಲ. ಓಡಾಕ ಬರವಲ್ದು, ಆದ್ರೂ ನನ್ನ ನೋಡಿ ಬಾಯಿ ತಗದು ಹೆದರಿಸಾಕ ಬಂತು. ನನಗ ಅದು ಹಿಡಿಸಿಬಿಡ್ತು.

"ಒಗಿ ಅದನ್ನ ಆ ಕಡೆ," ಅಂದ್ರು ಅತ್ತಿ. "ಹುಳಕ್ಕ ವೈರಿ ಅದು."

"ಮರಿ ಐತ್ರಿ ಅತ್ತಿ. ಕಾಲಿಗೆ ಪೆಟ್ಟಾಗೈತಿ. ವಾಸಿ ಆಗೂತನಕ ಇಟ್ಕೋತೇನ್ರಿ."

"ಇಟ್ಕೋ. ನಿನ್ನ ಕೈಯಾಗ ಯಾವುದು ಉಳದೈತಿ, ಅದು ಉಳಿಯಾಕ?"

ಮೈಯೆಲ್ಲಾ ಉರದು ಹೋತು. ಬಾಯಿ ಮುಚ್ಕೊಂಡಿರು ಅಂತ ನನಗ ನಾನ ಹೇಳ್ಕೊಂಡೆ, ಬಾಯಿ ಕೇಳಲಿಲ್ಲ. "ಇದು ಉಂಡು ಬದುಕಿದ್ರ ನನ್ನ ಹುಳದ ಮನಿ ಒಳಗ ಬಿಡ್ತೀರೇನ್ರಿ?" ಅಂದೆ. ವೀಳ್ಯದೆಲಿಗೆ ಸುಣ್ಣ ಹಚ್ಚಾಕತ್ತಿದ್ದ ಮಾವ ಕೈ ನಿಲ್ಲಿಸಿದ್ರು. ಸೈಕಲ್ ಒರಸಾಕತ್ತಿದ್ದ ನಮ್ಮ ಮನಿಯವರು ಮಾರಿ ಆ ಕಡೆ ತಿರುವಿ ನಕ್ರು.

"ಬಿಡ್ತೇನಿ," ಅಂದ್ರು ಅತ್ತಿ. "ಸತ್ರ ಮಾತ್ರ ಮತ್ತ ಆ ಮಾತು ಎತ್ತಬ್ಯಾಡ."

ಹರಕ ತಟ್ಟಿ ಒಂದು ಅಟ್ಟದ ಮ್ಯಾಲಿತ್ತು. ಅದನ್ನ ಹಿತ್ತಲದ ನಿಂಬಿ ಗಿಡದ ಬುಡಕ್ಕ ಇಟ್ಟು, ಒಳಗ ಒಂದು ಒಣಾ ಕಟಗಿ ಹಾಕಿ, ಮ್ಯಾಲ ಹಳೆ ಸೊಳ್ಳಿ ಪರದೆ ಕಟ್ಟಿದೆ. ಮೂಗಿನ ಮ್ಯಾಲ ಬೆರಳಿಂದ ಒಂದು ಹನಿ ನೀರು ಬಿಟ್ರ ನೆಕ್ಕಿತು. ಅಬ್ಬಾ, ಅರ್ಧ ಗೆದ್ದೆ ಅಂದ್ಕೊಂಡೆ.

ತಿನಿಸೂದು ಹೆಂಗ? ಆ ಮನ್ಯಾಗ ಹುಟ್ಟಿದ ಯಾವುದಕ್ಕೂ ಕೊಡೂ ತುತ್ತು ಒಂದ. ಹಿಪ್ಪುನೇರಳಿ ಕುಡಿ ತಂದು, ಎಳೀ ಹುಳಕ್ಕ ಹೆಚ್ಚಿದಂಗ ಸಣ್ಣಗ ಹೆಚ್ಚಿ ಹಾಕಿದೆ. ಮರಿ ಅದರ ಮ್ಯಾಲ ಹತ್ತಿ ಕುಂತಿತು. ಹಾಲನ್ನ ಕಲಸಿಟ್ಟೆ, ಹಾಲನ್ನದಾಗ ಕಾಲಿಟ್ಟಿತು. ಬಾಳಿಹಣ್ಣು ಕಿವುಚಿ ತುಟಿಗೆ ಹಚ್ಚಿದ್ರ ಮಾರಿ ಕಟಗಿಗೆ ಒರಸಿತು. ನಮ್ಮದು ಲಿಂಗ ಕಟ್ಟಿದ ಮನಿ, ಒಂದು ಜೀವ ಕೊಂದು ಇನ್ನೊಂದಕ್ಕ ಹಾಕೂದು ನನ್ನ ತಲ್ಯಾಗೂ ಬರಲಿಲ್ಲ.

ಆಮ್ಯಾಲ ಅದು ಅಲ್ಲಾಡೂದ ಬಿಟ್ಟಿತು. ತಲಿ ಮ್ಯಾಲೆತ್ತಿ, ಕಣ್ಣು ಅರ್ಧ ಮುಚ್ಚಿ, ಮೈ ಬೆಳ್ಳಗ ಮಾಡ್ಕೊಂಡು ಕುಂತಿತು. ನಮ್ಮ ಮನಿಯವರು ಬಗ್ಗಿ ನೋಡಿ, "ಏ, ಇದು ಜ್ವರಕ್ಕ ಕುಂತೈತಿ," ಅಂದ್ರು.

ಹುಳ ಸಾಕೋರ ಮನ್ಯಾಗ ಜ್ವರ ಅಂದ್ರ ರೋಗ ಅಲ್ಲ. ರೇಷ್ಮಿ ಹುಳ ಬೆಳಿಯೂ ಮುಂದ ನಡುವ ನಡುವ ತಿನ್ನೂದು ಬಿಟ್ಟು, ತಲಿ ಎತ್ತಿ ಸುಮ್ಮನ ಕುಂದರ್ತಾವ. ಹಳೆ ಚರ್ಮ ಕಳಚಿ ಎದ್ದ ಮ್ಯಾಲ ಹಸದವರಂಗ ತಿಂತಾವ. ಆ ಹೊತ್ತಿನಾಗ ಮುಟ್ಟಬಾರದು, ಎಲಿ ಹಾಕಬಾರದು, ತೆಳ್ಳಗ ಸುಣ್ಣದ ಪುಡಿ ಉದುರಿಸಬೇಕು. ಮಾವ ಬಂದು ನೋಡಿ ಹೌದಂದ್ರು. ಅತ್ತಿ ಬಂದು ನೋಡಲಿಲ್ಲ, ಆದ್ರ ನಮ್ಮ ಮನಿಯವರ ಕೈಯಾಗ ಒಂದು ಚೂರು ಬಟ್ಟ್ಯಾಗ ಸುಣ್ಣದ ಪುಡಿ ಕಟ್ಟಿ ಕಳಿಸಿದ್ರು. "ಗಾಳಿ ಬಡೀಲಾರದಂಗ ಇಡಬೇಕಂತ ಹೇಳು," ಅಂತ ಮಾತೂ ಕಳಿಸಿದ್ರು. ನನಗ ನಗಿ ಬಂತು. ಸತ್ರ ಗೆಲ್ಲೂದು ಅವರು, ಮತ್ತ ಸುಣ್ಣ ಕಳಿಸೋರೂ ಅವರ.

ಹೇಳಿದಂಗ ಚರ್ಮ ಕಳಚಿತು. ಉಳ್ಳಾಗಡ್ಡಿ ಸಿಪ್ಪಿ ಹಂಗ ಬಿಳೀ ಪದರು ಬಿಟ್ಟು ಒಳಗಿಂದ ಹೊಸಾ ಮೈ ಬಂತು. ಮನಿ ಮಂದೆಲ್ಲಾ ಖುಷಿಯಾದ್ವಿ. "ಈಗ ನೋಡು ಹೆಂಗ ತಿಂತೈತಿ," ಅಂತ ಮಾವ ತಾವ ಹೋಗಿ ಚಿಗುರೆಲಿ ತಂದ್ರು. ಅದು ಎಲಿ ಕಡೆ ಕಣ್ಣೆತ್ತಿ ಸುದ್ದಾ ನೋಡಲಿಲ್ಲ. ಹೊಟ್ಟಿ ಒಳಗ ಹೋಗಿ ಬೆನ್ನಿಗೆ ಹತ್ತಿತ್ತು, ಸೊಂಟದ ಎಲುಬು ಕಾಣ್ತಿತ್ತು. ಇಷ್ಟು ದಿನ ಜ್ವರ ಅಂತ ಸುಮ್ಮನ ಕುಂತು ಅದನ್ನ ಉಪವಾಸ ಕೆಡವಿದ್ವಿ ಅಂತ ಆಗ ಗೊತ್ತಾತು. ನಿಂಬಿ ಗಿಡದ ಬುಡಕ ಕುಂತು ಅತ್ತೆ. ಹುಳದ ಮನಿ ಸಲುವಾಗಿ ಅಲ್ಲ, ಆ ಮರಿ ಸಲುವಾಗಿ ಅತ್ತೆ.

ಅಳೂ ಮುಂದ ಒಂದು ಇರುವಿ ಪರದೆ ಮ್ಯಾಲ ಹಾದು ಹೋತು. ಮರಿ ಕಣ್ಣು ಆ ಇರುವಿ ಹಿಂದ ಹೋತು. ತಲಿ ಅಲ್ಲೇ, ಕಣ್ಣು ಮಾತ್ರ ತಿರುಗಿತು. ಎಲಿ ನೋಡದ ಕಣ್ಣು ಇರುವಿ ನೋಡಾಕತ್ತೈತಿ. ನನಗ ಆಗ ತಿಳೀತು, ಇದಕ್ಕ ಸೊಪ್ಪಲ್ಲ, ಹುಳ ಬೇಕು.

ಆದ್ರ ಯಾವ ಹುಳ? ತಟ್ಟ್ಯಾಗಿನ ಹುಳ ಕೇಳಿದ್ರ ಅತ್ತಿ ನನ್ನ ತವರಿಗೆ ಬಸ್ ಹತ್ತಿಸಿಬಿಡ್ತಿದ್ರು. ಹುಳದ ಮನಿ ಹೊರಗ ಒಂದು ಒಡದ ಬುಟ್ಟಿ ಇರ್ತಿತ್ತು, ಊಜಿ ಬಡದ ಹುಳ ಹಾಕಾಕ. ಊಜಿ ಅಂದ್ರ ನೊಣ. ಆ ವರ್ಷಗಳಾಗ ನಮ್ಮ ಕಡೆ ಆ ಹೆಸರು ಕೇಳಿದ್ರ ಮಂದಿ ಉಣ್ಣೂದು ಬಿಡ್ತಿದ್ರು. ಹುಳದ ಮೈಮ್ಯಾಲ ಮೊಟ್ಟಿ ಇಟ್ಟು ಹೋಗ್ತೈತಿ, ಅಲ್ಲೊಂದು ಕರೀ ಚುಕ್ಕಿ ಏಳ್ತೈತಿ, ಒಳಗ ಅದರ ಮರಿ ಬೆಳದು ನಮ್ಮ ಹುಳನ್ನ ತಿಂದು ಹೊರಗ ಬರ್ತೈತಿ. ಕಿಟಕಿಗೆ ಜಾಳಿಗಿ ಹೊಡದ್ರೂ ಹೆಂಗರ ಮಾಡಿ ನುಗ್ತಿತ್ತು. ಚುಕ್ಕಿ ಕಂಡ ಹುಳನ್ನ ಅತ್ತಿ ಆರಿಸಿ ಆ ಬುಟ್ಟಿಗೆ ಹಾಕಿ, ಸಂಜಿಗೆ ಸುಡ್ತಿದ್ರು. ಹಾಕೂ ಮುಂದ ಊಜಿಗೆ ಬೈಯೂ ಬೈಗಳ ನಾನಿಲ್ಲಿ ಬರಿಯಾಕ ಬರೂದಿಲ್ಲ.

ಬುಟ್ಟಿಯಿಂದ ಒಂದು ಸತ್ತ ಹುಳ ತಂದು ಮರಿ ಮುಂದಿಟ್ಟೆ. ಅದು ಮೂಸಲಿಲ್ಲ. ಇದೂ ಆಗಲಿಲ್ಲಲ್ಲಾ ಅಂತ ಕೈ ಚೆಲ್ಲಿ ಕುಂತೆ. ಬಿಸಿಲು ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಆ ಸತ್ತ ಹುಳದ ಮೈ ಒಳಗಿಂದ ಅಲುಗಿತು. ಕರೀ ಚುಕ್ಕಿ ಇದ್ದಲ್ಲಿ ತೂತು ಬಿದ್ದು ಒಂದು ಬಿಳೀ ಹುಳ, ಊಜಿ ಮರಿ, ಹೊಳ್ಳಾಡಿಕೋತ ಹೊರಗ ಬಂತು. ಓತಿಕ್ಯಾತ ತಲಿ ತಿರುವಿತು. ಮುಂಗಾಲು ಊರಿ ಎದ್ದಿತು. ಒಂದ ಸಲ ತಲಿ ಓರೆ ಮಾಡಿ ನೋಡಿತು, ಪಟಕ್ಕನ ಹಿಡೀತು. ಗಂಟಲದಾಗ ಇಳಿಯೂದು ಹೊರಗಿಂದ ಕಾಣ್ತಿತ್ತು.

ನಾನು ಓಡಿ ಹೋಗಿ ಹೊಸ್ತಿಲದ ಈ ಕಡೆ ನಿಂತೆ. "ಅತ್ತೀ, ಲಗೂನ ಬರ್ರಿ ಇಲ್ಲಿ."

ಕೈಯಾಗಿನ ಎಲಿ ಹಂಗ ಹಿಡ್ಕೊಂಡು ಬಂದ್ರು. ಎರಡನೇ ಊಜಿ ಮರಿ ಹೊರಗ ಬರಾಕತ್ತಿತ್ತು. ಅವರು ಸೆರಗು ಸೊಂಟಕ್ಕ ಸಿಗಿಸಿ ಕುಕ್ಕುರಗಾಲಿಲೆ ಕುಂತು ನೋಡಿದ್ರು. ಓತಿಕ್ಯಾತ ಅದನ್ನೂ ನುಂಗಿತು. ಅತ್ತಿ ಎದ್ದು ಹೋದ್ರು. ವಾಪಸ್ ಬಂದಾಗ ಅವರ ಟೊಂಕದ ಮ್ಯಾಲ ಆ ಒಡದ ಬುಟ್ಟಿ ಇತ್ತು, ಬುಟ್ಟಿಗೆ ಬುಟ್ಟಿನ ತಂದು ನನ್ನ ಮುಂದ ಕುಕ್ಕಿದ್ರು.

"ಉಣಿಸು. ನನ್ನ ಬೆಳಿ ತಿಂದ ಮುಂಡೇವು, ಒಂದನ್ನೂ ಬಿಡಬ್ಯಾಡ."

ಆಮ್ಯಾಲ ತಾವೂ ಕುಂತ್ರು. ಕಡ್ಡೀಲೆ ಕೆದರಿ ಕೆದರಿ ಊಜಿ ಮರಿ ಅವರು ತಗದು ಕೊಡ್ತಿದ್ರು, ನಾನು ಓತಿಕ್ಯಾತನ ಮುಂದ ಬಿಡ್ತಿದ್ದೆ. ಮದುವಿಯಾಗಿ ಬಂದ ಮ್ಯಾಲ ನಾವಿಬ್ಬರೂ ಕೂಡಿ ನಕ್ಕಿದ್ದು ಅವತ್ತ ಮೊದಲು. ಮಾವ ಒಳಗಿಂದ, ಏನಾತು ಇವರಿಗೆ ಅಂತ ಹೊರಗ ಬಂದು ನೋಡಿ ಹೋದ್ರು.

ಮುಂದ ಅದಕ್ಕ ತಡಿ ಅನ್ನೂದ ಇರಲಿಲ್ಲ. ಕಾಲಿನ ಊತ ಇಳೀತು, ಹೊಟ್ಟಿ ತುಂಬಿ ಮೈ ಮಿರುಗಾಕತ್ತಿತು. ಒಂದು ದಿನ ಪರದೆ ಬಿಚ್ಚಿ ಬಿಟ್ಟೆ. ಸರಸರ ನಿಂಬಿ ಗಿಡ ಹತ್ತಿ, ಮ್ಯಾಲ ಕುಂತು ನಮ್ಮ ಕಡೆ ತಲಿ ಕುಣಿಸಿತು. ಅಲ್ಲೇ ಸಂಸಾರ ಹೂಡಿತು. ಅತ್ತಿ ಹುಳದ ಮನಿ ಬಾಗಲ ಮಾತ್ರ ಗಟ್ಟಿ ಹಾಕ್ತಿದ್ರು, ಎಷ್ಟಂದ್ರೂ ಅದರ ಮ್ಯಾಲ ಪೂರಾ ನಂಬಿಕಿ ಇರಲಿಲ್ಲ. ಆದ್ರ ಸವಣೂರಿನ ಎಲಿ ಅಜ್ಜಿ ಬಂದಾಗ ಕೈ ಹಿಡದು ಗಿಡದ ಬುಡಕ್ಕ ಕರ್ಕೊಂಡು ಹೋಗಿ, "ನೋಡಬೇ, ನಮ್ಮ ಸೊಸಿ ಉಣಿಸಿ ಬದುಕಿಸಿದ್ದು," ಅಂತ ತೋರಿಸಿದ್ರು. ನಾನು ಬಾಗಲ ಹಿಂದ ನಿಂತು ಕೇಳಿ ಹೊಟ್ಟಿ ತಣ್ಣಗ ಮಾಡ್ಕೊಂಡೆ.

ಹೊಸಾ ಬೆಳಿಗೆ ಹುಳದ ಮೊಟ್ಟಿ ಅಂಟಿದ ಹಾಳಿ ತಂದಿದ್ವಿ. ಮೊಟ್ಟಿ ಒಡದು ಹುಳ ಹೊರಗ ಬಂದ ಮುಂಜಾನಿ, ನಾನು ರೂಢಿ ಪ್ರಕಾರ ಚಿಗುರೆಲಿ ಬುಟ್ಟಿ ಹೊಸ್ತಿಲದಾಗ ಇಟ್ಟು ಹಿಂದ ಸರಿದೆ. ಒಳಗಿಂದ ಅತ್ತಿ, "ಅಲ್ಲ್ಯಾಕ ನಿಂತಿ?" ಅಂದ್ರು. "ಕೈ ತೊಳ್ಕೊಂಡು ಬಾ."

ಒಳಗ ಹೋದೆ. ಅವರು ನವಿಲಗರಿ ನನ್ನ ಕೈಯಾಗ ಕೊಟ್ರು. ಹೊಸಾ ಹುಳನ್ನ ಹಾಳಿಯಿಂದ ತಟ್ಟಿಗೆ ಇಳಿಸೂದು ಮನ್ಯಾಗ ಯಾರ ಕೈಗುಣ ಚಲೋ ಐತೋ ಅವರ ಕೆಲಸ, ಅಲ್ಲೀತನ ಅದು ಅವರದಾಗಿತ್ತು. ಗರೀಲೆ ಮೆಲ್ಲಕ ಇಳಿಸಿ, ಹೆಚ್ಚಿದ ಎಲಿ ಮ್ಯಾಲ ಉದುರಿಸಿದೆ. ಕರೀ ದಾರದ ಚೂರಿನಂಥ ಹುಳ ಎಲಿ ಅಂಚಿಗೆ ಬಾಯಿ ಹಚ್ಚಿದವು. ಅದು ನನಗೂ ಕಾಣ್ತಿತ್ತು, ಆದ್ರ ನಾನು ಅವರ ಮಾರಿ ನೋಡ್ಕೋತ ನಿಂತಿದ್ದೆ.

ಅತ್ತಿ ತಟ್ಟಿ ಮ್ಯಾಲ ಬಗ್ಗಿ, ಬಾಳ ಹೊತ್ತು ನೋಡಿ, "ತಿನ್ನಾಕತ್ತಾವ," ಅಂದ್ರು.