ಹಳೆ ರೌಟರಿನ ಶೈಲೇಶ

ನೆಲ್ಯಾಡಿಯ ಶೈಲೇಶ ಯಾರ ಮನೆಗೆ ಹೋದರೂ ಮೂಲೆಗೆ ಬಿಸಾಡಿದ ಹಳೆ ವೈಫೈ ರೌಟರನ್ನೇ ಹುಡುಕುತ್ತಾನೆ. "ಗುಜರಿಗೆ ಕೊಡ್ಬೇಡಿ ದೊಡ್ಡಮ್ಮ, ಇದಕ್ಕೆ ಇನ್ನೂ ಆಯುಷ್ಯ ಉಂಟು" ಎನ್ನುತ್ತಾನೆ. ಕಂಪೆನಿ ತುಂಬಿಸಿದ್ದನ್ನು ಅಳಿಸಿ, ಎಲ್ಲೆಲ್ಲಿಯದೋ ಜನ ಸೇರಿ ಬರೆದು ಪುಕ್ಕಟೆ ಹಂಚುವ ಸಾಫ್ಟ್‌ವೇರನ್ನು ಅದಕ್ಕೆ ಹಾಕುತ್ತಾನೆ. ಆ ಐದು ನಿಮಿಷದಲ್ಲಿ ಕರೆಂಟು ಹೋದರೆ ಡಬ್ಬಿ ಸತ್ತಂತೆಯೇ. ಹಾಗಾಗಿ ಯಾರೂ ಮಿಕ್ಸಿ ಹಾಕಬಾರದು, ಪಂಪು ಬಿಡಬಾರದು, "ಸೀನುದಾದ್ರೆ ಅಂಗಳಕ್ಕೆ ಹೋಗಿ ಮಾರಾಯ್ರೆ". ಡಬ್ಬಿಯ ದೀಪ ಹತ್ತಿದ್ದೇ ಕುಣಿದುಬಿಡುತ್ತಾನೆ. ಮನೆಯ ಚಾವಡಿಯ ನೆಟ್ಟನ್ನು ಈ ಹಳೆ ಡಬ್ಬಿ ಹಿಡಿದು ದನದ ಹಟ್ಟಿಯವರೆಗೆ ದಾಟಿಸುತ್ತದೆ. ಆಮೇಲೆ ಪರೀಕ್ಷೆ: ಕಡಬದಲ್ಲಿ ಬಟ್ಟೆ ಹೊಲಿಯುವ ಹೆಂಡತಿ ಮೋಹಿನಿಗೆ ವೀಡಿಯೊ ಕಾಲ್ ಮಾಡಿ ಹಟ್ಟಿಯ ಕಡೆಗೆ ನಡೆಯುತ್ತಾನೆ. ಮೊನ್ನೆ ನಮ್ಮಲ್ಲೂ ಹಾಗೇ ಹೊರಟಾಗ "ಪರೀಕ್ಷೆಗೂ ಹೆಂಡತಿಯೇ ಆಗ್ಬೇಕಾ?" ಎಂದು ಕೆಣಕಿ ಹಿಂದೆಯೇ ಹೋದೆ. ಮೋಹಿನಿ ಪರದೆಯಲ್ಲಿ ಕೈಯಾಡಿಸುತ್ತಿದ್ದಳು. "ಅವಳಿಗೆ ಕಿವಿ ಕೇಳುದಿಲ್ಲ, ಮಾತೆಲ್ಲ ಕೈಯಲ್ಲೇ. ಚಿತ್ರ ನಿಂತ್ರೆ ಅವಳ ಮಾತೂ ನಿಂತ ಹಾಗೆ" ಎಂದ. ಹಟ್ಟಿ ದಾಟಿದೆವು, ಬಾವಿ ದಾಟಿದೆವು, ಚಿತ್ರ ನಿಲ್ಲಲಿಲ್ಲ. ಒಂದು ಕೈಯಲ್ಲಿ ಫೋನು ಇದ್ದುದರಿಂದ ಅವನು ಇನ್ನೊಂದರಲ್ಲೇ ಅರ್ಧರ್ಧ ಉತ್ತರ ಕೊಡುತ್ತಿದ್ದ. "ಇಲ್ಲಿ ಕೊಡು" ಎಂದು ಫೋನನ್ನು ನಾನೇ ಹಿಡಿದುಕೊಂಡೆ. ಅವನ ಎರಡೂ ಕೈ ಮಾತಾಡತೊಡಗಿದವು.