ಅತ್ತೆಯ ಫೋನಿಗೆ ಬಂದ ಓಟಿಪಿ

ಇದು ಸಿಂದಗಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಡೆಯಿತೋ ಮುದ್ದೇಬಿಹಾಳದಲ್ಲೋ, ನನಗೀಗ ಖಚಿತವಿಲ್ಲ. ನನ್ನ ಪಕ್ಕದಲ್ಲಿ ಬೇಳೆ ಮಿಲ್ಲಿನ ಲೆಕ್ಕ ಬರೆಯುವ ಹೆಂಗಸು ಕೂರುತ್ತಿದ್ದರು. ಮಿಲ್ಲಿಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಅದರ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರಷ್ಟೇ ಅವರ ಕೆಲಸ ಉಳಿಯುತ್ತಿತ್ತು.

ಯಾರಿಗೆ ಯಾವ ಅನುಮತಿ ಎಂಬ ಪಾಠಕ್ಕೆ ಅವರು ಸಾಫ್ಟ್‌ವೇರಿನಲ್ಲಿ ಮನೆಯವರನ್ನೇ ಬಳಕೆದಾರರಾಗಿ ಸೇರಿಸಿದ್ದರು, ನಿಜವಾದ ಫೋನ್ ನಂಬರುಗಳ ಸಮೇತ. ಸೆರಗಿನಿಂದ ಪರದೆ ಒರೆಸುತ್ತ ಹೇಳುತ್ತಿದ್ದರು: “ಉಪ್ಪಿನಕಾಯಿ ಭರಣಿ ಇದ್ದಂಗರಿ. ನೋಡಾಕ ಎಲ್ಲಾರೂ, ಮುಟ್ಟಾಕ ನಮ್ಮತ್ತಿ ಒಬ್ಬರ.”

ಪರೀಕ್ಷೆಯ ಹಿಂದಿನ ದಿನ ಅಭ್ಯಾಸ ಮಾಡುತ್ತ, ಕೈತಪ್ಪಿ ತಮ್ಮದೇ ಅನುಮತಿ ತೆಗೆದುಹಾಕಿದರು. ಅದನ್ನು ಮರಳಿ ಕೊಡಲು ಪೂರ್ತಿ ಅನುಮತಿಯಿದ್ದದ್ದು ಅತ್ತೆಯ ಹೆಸರಿಗೊಂದೇ; ಆ ಹೆಸರಿನಲ್ಲಿ ಒಳಹೋಗಲು ಓಟಿಪಿ ಬೇಕಿತ್ತು. ಸ್ಪೀಕರ್ ಹಾಕಿ ಫೋನ್ ಮಾಡಿದರು.

“ಅತ್ತಿ, ನಿಮ್ಮ ಫೋನಿಗೆ ಓಟಿಪಿ ಬಂದೈತಿ, ಓದ್ರಿ.”

“ಓದ್ತೇನಿ. ಮೊದಲ ಹೇಳು, ಅದರಾಗ ನಾ ಯಾರು?”

“ಎಲ್ಲಾರಕಿಂತ ದೊಡ್ಡ ಸಾಹೇಬ್ರು ನೀವ ಅದೀರಿ.”

“ಹಂಗಿದ್ರ ಸಾವಕಾಶ ಓದ್ತೇನಿ. ತಡಿ, ಚಸ್ಮಾ ಹಾಕ್ಕೋತೇನಿ.”

ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಸೊಸೆಯೇ ನಕ್ಕರು. ಆ ಕೊನೆಯ ಮಾತು ಅತ್ತೆಯದೋ, ಆಮೇಲೆ ನಾನು ಸೇರಿಸಿದ್ದೋ ತಿಳಿಯದು. ಸೊಸೆ ಪಾಸಾದರೆಂಬ ನೆನಪನ್ನೂ ನಂಬದೆ, ಮೊನ್ನೆ ಸರ್ಟಿಫಿಕೇಟ್ ಪರಿಶೀಲಿಸುವ ಜಾಲತಾಣದಲ್ಲಿ ಹೆಸರು ಹುಡುಕಿದೆ. ಇತ್ತು. ಈ ವರ್ಷದ ನವೀಕರಣವೂ ಆಗಿತ್ತು.